ನಮ್ಮ ಜಾನ್

ಕೇಳುಗರೆಲ್ಲರಿಗೂ ನಮಸ್ಕಾರ.

1825ರ ಜನವರಿ ತಿಂಗಳು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ವಿನ್ಸಿ ಎಂಬ ಊರಿನಲ್ಲಿ 89 ವರ್ಷದ ವೃದ್ಧರೊಬ್ಬರ ಪತ್ರ ಸಿದ್ಧವಾಗುತ್ತಿದೆ. ಕೈ ನಡುಗುತ್ತದೆ, ಕಣ್ಣು ಮಂಜಾಗಿದೆ. ಓದುವುದಕ್ಕೂ ಬರೆಯುವುದಕ್ಕೂ ಮನೆಯವರ ನೆರವು ಬೇಕು. ಅವರು ಅಮೆರಿಕದ ಎರಡನೆಯ ಅಧ್ಯಕ್ಷರಾಗಿದ್ದ ಜಾನ್ ಆಡಮ್ಸ್. ಪತ್ರ ಹೋಗಬೇಕಾದದ್ದು ವರ್ಜೀನಿಯಾದ ಮಾಂಟಿಚೆಲೊ ಬೆಟ್ಟದ ಮನೆಗೆ, ಮೂರನೆಯ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರಿಗೆ. ಆಡಮ್ಸರ ಹಿರಿಯ ಮಗ ಜಾನ್ ಕ್ವಿನ್ಸಿ ಆಡಮ್ಸ್ ಆಗ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದರು. ನಾಲ್ವರು ಕಣದಲ್ಲಿದ್ದ ಆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದೆ, ತೀರ್ಮಾನ ಪ್ರತಿನಿಧಿ ಸಭೆಯ ಕೈಗೆ ಹೋಗಿತ್ತು. ಮಗನ ಬಗ್ಗೆ ಬರೆಯುವಾಗ ತಂದೆ ‘ನನ್ನ ಮಗ’ ಎನ್ನಲಿಲ್ಲ, ‘ನಮ್ಮ ಜಾನ್’ ಎಂದರು. ನೀವು ಪ್ಯಾರಿಸ್ಸಿನಲ್ಲಿದ್ದ ದಿನಗಳಲ್ಲಿ ಅವನು ನನಗೆಷ್ಟು ಮಗನೋ ಹೆಚ್ಚುಕಡಿಮೆ ನಿಮಗೂ ಅಷ್ಟೇ ಮಗನಂತೆ ಕಾಣುತ್ತಿದ್ದ, ಅದಕ್ಕೇ ಹೀಗೆ ಕರೆಯುತ್ತಿದ್ದೇನೆ ಎಂದು ಕಾರಣವನ್ನೂ ಸೇರಿಸಿದರು.

ಈ ಎರಡು ಪದಗಳ ಹಿಂದೆ 40 ವರ್ಷಗಳ ಕಥೆಯಿದೆ. ನಡುವೆ ಸುಮಾರು 11 ವರ್ಷ ಈ ಇಬ್ಬರು ಹಿರಿಯರು ಒಬ್ಬರಿಗೊಬ್ಬರು ಒಂದು ಸಾಲನ್ನೂ ಬರೆದಿರಲಿಲ್ಲ. ಆ ಮೌನಕ್ಕೆ ಕಾರಣ ರಾಜಕೀಯ. ಅದು ಮುರಿದದ್ದು ಹೇಗೆ ಎಂದು ಹುಡುಕುತ್ತ ಹೋದರೆ ನಾವು ಸಭಾಭವನಗಳನ್ನು ಬಿಟ್ಟು ಮನೆಯೊಳಕ್ಕೆ, ಮಕ್ಕಳ ಹತ್ತಿರಕ್ಕೆ ಬರುತ್ತೇವೆ. ಇಂದಿನ ನನ್ನ ಮಾತು ಆ ಮಕ್ಕಳನ್ನು ಕುರಿತದ್ದು.

1776ರಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ರೂಪಿಸಲು ನೇಮಕವಾದ ಐವರ ಸಮಿತಿಯಲ್ಲಿ ಇಬ್ಬರೂ ಇದ್ದರು. ಕರಡು ಬರೆದವರು ಜೆಫರ್ಸನ್, ಸಭೆಯಲ್ಲಿ ಅದರ ಪರವಾಗಿ ವಾದಿಸಿ ಗೆಲ್ಲಿಸಿದವರಲ್ಲಿ ಆಡಮ್ಸ್ ಮುಂದಾಳು. ಆದರೆ ಮನೆತನಗಳೆರಡೂ ಹತ್ತಿರವಾದದ್ದು 1784ರಲ್ಲಿ, ಇಬ್ಬರೂ ರಾಯಭಾರದ ಕೆಲಸದ ಮೇಲೆ ಫ್ರಾನ್ಸಿನಲ್ಲಿದ್ದಾಗ. ಜೆಫರ್ಸನ್ ಎರಡು ವರ್ಷದ ಹಿಂದಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದರು. ಊರಿನಲ್ಲಿ ಬಿಟ್ಟು ಬಂದ ಎಳೆಯ ಮಗಳು ನಾಯಿಕೆಮ್ಮಿನಿಂದ ತೀರಿಕೊಂಡ ಸುದ್ದಿ ಅವರನ್ನು ತಲುಪಿದ್ದೂ ಪ್ಯಾರಿಸ್ಸಿನಲ್ಲಿಯೇ. ಆಡಮ್ಸರ ಪತ್ನಿ ಅಬಿಗೇಲ್ ಅವರ ಊಟದ ಮೇಜಿನಲ್ಲಿ ಆ ಏಕಾಂಗಿಗೆ ಸದಾ ಒಂದು ಜಾಗವಿತ್ತು. 17 ವರ್ಷದ ಜಾನ್ ಕ್ವಿನ್ಸಿ ಸಂಜೆಗಳನ್ನು ಜೆಫರ್ಸನ್ನರ ಜೊತೆ ಕಳೆಯುತ್ತಿದ್ದ. ಅವರ ಸಹವಾಸ ತನಗೆ ಎಷ್ಟು ಇಷ್ಟ ಎಂಬುದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ಹನ್ನೆರಡನೆಯ ವಯಸ್ಸಿಗೇ ಅವನು ಹಿಡಿದ ಆ ದಿನಚರಿ ಮುಪ್ಪಿನ ವರೆಗೂ ನಡೆಯಿತು.

ಮೂರು ವರ್ಷದ ಮೇಲೆ, 1787ರ ಬೇಸಿಗೆಯಲ್ಲಿ, ಆಡಮ್ಸ್ ದಂಪತಿಗಳು ಲಂಡನ್ನಿನಲ್ಲಿದ್ದರು. ಜೆಫರ್ಸನ್ನರ ಮಗಳು ಪಾಲಿ, ಇನ್ನೂ ಒಂಬತ್ತು ತುಂಬದ ಹುಡುಗಿ, ಅಟ್ಲಾಂಟಿಕ್ ಸಾಗರ ದಾಟಿ ಅವರ ಮನೆಗೆ ಬಂದಿಳಿದಳು. ಅವಳ ಜೊತೆಗೆ ಬಂದವಳು 14 ವರ್ಷದ ಸ್ಯಾಲಿ ಹೆಮಿಂಗ್ಸ್, ಗುಲಾಮಳಾಗಿಯೇ ಹುಟ್ಟಿ ಜೆಫರ್ಸನ್ನರ ಮನೆಯಲ್ಲಿ ಬೆಳೆದ ಹುಡುಗಿ. ಮುಂದೆ ಇವಳ ಮಕ್ಕಳಿಗೆ ಜೆಫರ್ಸನ್ನರೇ ತಂದೆ ಎಂಬುದನ್ನು ಇಂದಿನ ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಈ ಎರಡು ಮನೆಗಳ ನಡುವೆ ಓಡಾಡಿದ ಪತ್ರಗಳ ರಾಶಿಯಲ್ಲಿ ಸ್ಯಾಲಿಯ ಕೈಬರಹದ ಒಂದು ಸಾಲೂ ಇಲ್ಲ. ಸ್ವಾತಂತ್ರ್ಯವನ್ನು ಕುರಿತು ಅಷ್ಟು ಬರೆದ ಮನೆಯಲ್ಲಿ ಅವಳ ದನಿ ಉಳಿಯಲಿಲ್ಲ ಎಂಬುದು ಈ ಕಥೆಯನ್ನು ಹೇಳುವಾಗಲೆಲ್ಲ ನನ್ನನ್ನು ಬಾಧಿಸುತ್ತದೆ.

ಅಬಿಗೇಲ್ ಪಾಲಿಗೆ ಬಟ್ಟೆ ಹೊಲಿಸಿದರು, ಪುಸ್ತಕ ಕೊಡಿಸಿದರು. ಕೆಲವೇ ವಾರಗಳಲ್ಲಿ ಹುಡುಗಿ ಅವರಿಗೆ ಅಂಟಿಕೊಂಡಳು. ಮಗಳನ್ನು ಕರೆದೊಯ್ಯಲು ತಂದೆ ತಾವೇ ಬಾರದೆ ಆಳನ್ನು ಕಳುಹಿಸಿದಾಗ ಅವಳು ಅಬಿಗೇಲ್ ಅವರ ಕೊರಳು ತಬ್ಬಿ ಅತ್ತಳು. ನಿಮ್ಮನ್ನು ಪ್ರೀತಿಸಲು ಈಗ ಕಲಿತೆ, ಈಗೇಕೆ ನನ್ನನ್ನು ನಿಮ್ಮಿಂದ ಕಿತ್ತುಕೊಳ್ಳುತ್ತಾರೆ ಎಂದು ಕೇಳಿದಳು.

ಮುಂದಿನ ಹತ್ತು ಹನ್ನೆರಡು ವರ್ಷಗಳ ರಾಜಕೀಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1796ರ ಚುನಾವಣೆಯಲ್ಲಿ, ಅಧ್ಯಕ್ಷರನ್ನು ಆರಿಸಲು ರಾಜ್ಯಗಳು ಕಳುಹಿಸಿದ ಚುನಾಯಕರಿಂದ ಆಡಮ್ಸರಿಗೆ 71, ಜೆಫರ್ಸನ್ನರಿಗೆ 68 ಮತ ಬಂದವು. ಅಂದಿನ ನಿಯಮದಂತೆ ಎರಡನೆಯ ಸ್ಥಾನ ಪಡೆದವರು ಉಪಾಧ್ಯಕ್ಷರಾಗಬೇಕು, ಹಾಗಾಗಿ ಎದುರಾಳಿಗಳಿಬ್ಬರೂ ಒಂದೇ ಸರ್ಕಾರದಲ್ಲಿ ಕುಳಿತರು. 1798ರಲ್ಲಿ ಸರ್ಕಾರವನ್ನು ಟೀಕಿಸಿದವರನ್ನು ಸೆರೆಗೆ ಕಳುಹಿಸುವ ಕಾಯಿದೆಗೆ ಆಡಮ್ಸ್ ಸಹಿ ಹಾಕಿದರು. ಅತ್ತ ಜೆಫರ್ಸನ್, ಆಡಮ್ಸರ ಮೇಲೆ ಹೊಲಸು ಬರೆಯುತ್ತಿದ್ದ ಕ್ಯಾಲೆಂಡರ್ ಎಂಬ ಪತ್ರಕರ್ತನಿಗೆ ಹಣದ ನೆರವು ಕೊಡುತ್ತಿದ್ದರು. ಇಬ್ಬರೂ ತಪ್ಪು ಮಾಡಿದರು ಎಂದೇ ನನ್ನ ಅಭಿಪ್ರಾಯ. 1800ರ ಚುನಾವಣೆಯಲ್ಲಿ ಆಡಮ್ಸ್ ಸೋತರು. ಅದೇ ವರ್ಷದ ನವೆಂಬರಿನಲ್ಲಿ ಅವರ ಎರಡನೆಯ ಮಗ ಚಾರ್ಲ್ಸ್ ಕುಡಿತಕ್ಕೆ ಬಲಿಯಾಗಿ ತೀರಿಕೊಂಡ. 1801ರ ಮಾರ್ಚ್ 4ರಂದು, ಜೆಫರ್ಸನ್ ಪ್ರಮಾಣವಚನ ಸ್ವೀಕರಿಸಬೇಕಾದ ದಿನ, ಆಡಮ್ಸ್ ನಸುಕಿನ ನಾಲ್ಕು ಗಂಟೆಗೇ ಸಾರ್ವಜನಿಕ ಕುದುರೆಗಾಡಿ ಹತ್ತಿ ರಾಜಧಾನಿಯನ್ನು ಬಿಟ್ಟು ಹೊರಟುಹೋದರು. ಇದನ್ನು ಬರಿಯ ಸಿಟ್ಟು ಎಂದು ಬರೆದವರುಂಟು. ಮಗನನ್ನು ಕಳೆದುಕೊಂಡು ಆಗ ಅವರಿಗೆ ಇನ್ನೂ ಸುಮಾರು ಮೂರೇ ತಿಂಗಳಾಗಿತ್ತು ಎಂಬುದನ್ನೂ ನಾವು ನೆನಪಿನಲ್ಲಿಟ್ಟುಕೊಳ್ಳಬೇಕು.

1804ರ ಏಪ್ರಿಲಿನಲ್ಲಿ ಪಾಲಿ, ಈಗ ಮದುವೆಯಾಗಿ ಮಕ್ಕಳ ತಾಯಿಯಾಗಿದ್ದವಳು, 25ನೆಯ ವಯಸ್ಸಿಗೇ ತೀರಿಕೊಂಡಳು. ಸುದ್ದಿ ಓದಿದ ಅಬಿಗೇಲ್ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಗಂಡನಿಗೂ ತಿಳಿಸದೆ ಜೆಫರ್ಸನ್ನರಿಗೆ ಸಾಂತ್ವನದ ಪತ್ರ ಬರೆದರು. ಲಂಡನ್ನಿನಲ್ಲಿ ಕೊರಳು ತಬ್ಬಿ ಅತ್ತ ಮಗುವನ್ನು ನೆನೆದದ್ದು ಆ ಪತ್ರದಲ್ಲಿಯೇ. ಆದರೆ ಸಹಿ ಹಾಕುವ ಕಡೆ, ನಿಮ್ಮ ಗೆಳತಿ ಎಂದು ಬರೆದುಕೊಳ್ಳಲು ಒಂದು ಕಾಲದಲ್ಲಿ ಸಂತೋಷಪಡುತ್ತಿದ್ದವಳು ಎಂದು ಬರೆದರು. ‘ಒಂದು ಕಾಲದಲ್ಲಿ’ ಎಂಬ ಆ ಮಾತನ್ನು ಅವರು ಅಳೆದು ತೂಗಿ ಇಟ್ಟಿದ್ದಾರೆ. ದುಃಖದಲ್ಲಿ ಪಾಲು ಕೊಟ್ಟರೂ ಸ್ನೇಹವನ್ನು ಹಿಂದಿರುಗಿಸಿರಲಿಲ್ಲ.

ಜೆಫರ್ಸನ್ ಉತ್ತರ ಬರೆಯುತ್ತ ಹಳೆಯ ರಾಜಕೀಯ ನೋವನ್ನೂ ಎತ್ತಿದರು. ಅಧಿಕಾರ ಬಿಡುವ ಮುನ್ನ ಆಡಮ್ಸ್ ಮಾಡಿದ ಕೊನೆಯ ನೇಮಕಗಳು ಮಾತ್ರ ತಮ್ಮ ಮನಸ್ಸಿಗೆ ನಾಟಿದವು ಎಂದರು. ಅಬಿಗೇಲ್ ಬಿಡುವವರಲ್ಲ. ಹಾಲೆರೆದು ಸಾಕಿದ ಹಾವು ಸಾಕಿದ ಕೈಯನ್ನೇ ಕಚ್ಚಿತಲ್ಲ ಎಂದು ಕ್ಯಾಲೆಂಡರನ ಬಗ್ಗೆ ಬರೆದರು, ಏಕೆಂದರೆ ಅವನು ಆ ವೇಳೆಗೆ ಜೆಫರ್ಸನ್ನರ ಮೇಲೆಯೇ ತಿರುಗಿಬಿದ್ದಿದ್ದ. ಇನ್ನೊಂದು ನೋವನ್ನು ಅವರು ಹೊರಗೆಡವಿದ್ದು ತಡವಾಗಿ: ಬೋಸ್ಟನ್ನಿನಲ್ಲಿ ದಿವಾಳಿ ಪ್ರಕರಣಗಳನ್ನು ನೋಡಿಕೊಳ್ಳುವ ಸಣ್ಣ ಹುದ್ದೆಯೊಂದು ಜಾನ್ ಕ್ವಿನ್ಸಿಗಿತ್ತು, ಜೆಫರ್ಸನ್ ಸರ್ಕಾರ ಬಂದ ಮೇಲೆ ಅದು ಹೋಯಿತು. ಅವನು ಆ ಹುದ್ದೆಯಲ್ಲಿದ್ದದ್ದೇ ತಮಗೆ ಗೊತ್ತಿರಲಿಲ್ಲ ಎಂದರು ಜೆಫರ್ಸನ್. ರಾಜ್ಯದ ದೊಡ್ಡ ದೊಡ್ಡ ತತ್ತ್ವಗಳ ಚರ್ಚೆಯ ಕೆಳಗೆ, ನಿಮ್ಮ ಮನೆಯಲ್ಲಿ ಆಡಿದ ಹುಡುಗನಿಗೆ ನೀವು ಹೀಗೆ ಮಾಡಬಹುದೇ ಎಂಬ ತಾಯಿಯ ಪ್ರಶ್ನೆ ಇತ್ತು. ಅದೇ ಶರತ್ಕಾಲಕ್ಕೆ ಅಬಿಗೇಲ್ ಪತ್ರ ನಿಲ್ಲಿಸಿದರು. ಆಮೇಲೆ ಎಲ್ಲ ಪತ್ರಗಳನ್ನೂ ಗಂಡನಿಗೆ ತೋರಿಸಿದಾಗ ಅವರು, ಇದೆಲ್ಲ ತಮಗೆ ತಿಳಿಯದೆ ನಡೆದದ್ದು, ಇದರ ಬಗ್ಗೆ ಈ ಹೊತ್ತಿನಲ್ಲಿ, ಈ ಜಾಗದಲ್ಲಿ ಹೇಳುವುದೇನೂ ಇಲ್ಲ ಎಂದು ಟಿಪ್ಪಣಿ ಬರೆದಿಟ್ಟರು.

ಈ ನಡುವೆ ಜಾನ್ ಕ್ವಿನ್ಸಿ ತನ್ನದೇ ದಾರಿ ಹಿಡಿದಿದ್ದರು. ಸೆನೆಟ್ ಸದಸ್ಯರಾಗಿ, ತಂದೆಯ ಪಕ್ಷವೆಲ್ಲ ಎದುರು ನಿಂತಾಗಲೂ, 1807ರಲ್ಲಿ ಜೆಫರ್ಸನ್ ತಂದ ವಿದೇಶಿ ವ್ಯಾಪಾರ ನಿಷೇಧವನ್ನು ಬೆಂಬಲಿಸಿದರು. ಅದರ ಬೆಲೆಯಾಗಿ ಸೆನೆಟ್ ಸ್ಥಾನವನ್ನೇ ಕಳೆದುಕೊಂಡರು. 1809ರಲ್ಲಿ ಅವರನ್ನು ರಷ್ಯಾಕ್ಕೆ ರಾಯಭಾರಿಯಾಗಿ ಕಳುಹಿಸಿದವರು ಜೆಫರ್ಸನ್ನರ ಆಪ್ತ ಗೆಳೆಯ, ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್.

ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್ ಇಬ್ಬರಿಗೂ ಗೆಳೆಯರು. ಆಡಮ್ಸ್ ಮೊದಲು ಪತ್ರ ಬರೆದು ಇಬ್ಬರೂ ಒಂದಾದಂತೆ ಕನಸು ಕಂಡೆನೆಂದು ಅವರು 1809ರಲ್ಲಿಯೇ ಆಡಮ್ಸರಿಗೆ ಬರೆದಿದ್ದರು. ಎರಡು ವರ್ಷ ಬಿಡದೆ ಮಾಡಿದ ಆ ಸಂಧಾನದ ಫಲವಾಗಿ 1812ರ ಜನವರಿ 1ರಂದು ಆಡಮ್ಸ್ ಒಂದು ಸಣ್ಣ ಪತ್ರ ಬರೆದರು. ದೇಶದಲ್ಲೇ ತಯಾರಾದ ವಸ್ತುಗಳೆಂದರೆ ನಿಮಗೆ ಇಷ್ಟವಲ್ಲವೇ, ನಮ್ಮ ಕಡೆ ಇತ್ತೀಚೆಗೆ ಸಿದ್ಧವಾದ ಮನೆನೂಲಿನ ಎರಡು ತುಂಡುಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ, ಅದನ್ನು ತಯಾರಿಸಿದವನು ಚಿಕ್ಕಂದಿನಲ್ಲಿ ನಿಮ್ಮ ಅಕ್ಕರೆಯನ್ನು ಕಂಡವನು, ಎಂಬುದು ಅದರ ಸಾರ. ಪತ್ರ ಮೊದಲು ತಲುಪಿತು, ಕಟ್ಟು ಹಿಂದೆ ಉಳಿಯಿತು. ಜೆಫರ್ಸನ್ ನಿಜವಾಗಿಯೂ ಬಟ್ಟೆಯೇ ಬರುತ್ತಿದೆ ಎಂದು ನಂಬಿದರು. ವರ್ಜೀನಿಯಾದ ಮನೆಮನೆಯಲ್ಲಿ ಹತ್ತಿ, ಅಗಸೆ ನಾರು, ಉಣ್ಣೆಗಳನ್ನು ಹೇಗೆ ನೂಲುತ್ತಾರೆ, ಮಗ್ಗ ಎಂಥದ್ದು, ಲಾಳಿ ಎಂಥದ್ದು ಎಂದು ಮನಸಾರೆ ವಿವರಿಸಿ ಉತ್ತರ ಬರೆದರು. ನಿಮ್ಮ ಪತ್ರ ನನ್ನನ್ನು ನಾವಿಬ್ಬರೂ ಒಂದೇ ಕಾರ್ಯಕ್ಕೆ ದುಡಿದ ಆ ಕಷ್ಟದ ದಿನಗಳಿಗೆ ಕೊಂಡೊಯ್ದಿತು ಎಂದೂ ಬರೆದರು. ಕಟ್ಟು ಬಂದಾಗ ಅದರಲ್ಲಿದ್ದದ್ದು ಎರಡು ಪುಸ್ತಕ: ಹಾರ್ವರ್ಡಿನಲ್ಲಿ ಜಾನ್ ಕ್ವಿನ್ಸಿ ಭಾಷಣಕಲೆಯನ್ನು ಕುರಿತು ನೀಡಿದ್ದ ಉಪನ್ಯಾಸಗಳ ಎರಡು ಸಂಪುಟ. ತಂದೆ ತಮ್ಮ ಕೈಯಾರೆ ಮುರಿದಿದ್ದ ಸಂಬಂಧಕ್ಕೆ ಮಗನ ನೇಯ್ಗೆಯನ್ನು ಮುಂದಿಟ್ಟು ದಾರಿ ಕೇಳಿದ್ದರು.

ಅಲ್ಲಿಂದ 14 ವರ್ಷಗಳಲ್ಲಿ ಇಬ್ಬರ ನಡುವೆ 150ಕ್ಕೂ ಹೆಚ್ಚು ಪತ್ರಗಳು ಓಡಾಡಿದವು; ಜೆಫರ್ಸನ್ ಒಂದು ಬರೆದರೆ ಆಡಮ್ಸ್ ಎರಡು ಬರೆಯುತ್ತಿದ್ದರು. ಒಬ್ಬರನ್ನೊಬ್ಬರು ಬಿಡಿಸಿ ಹೇಳಿಕೊಳ್ಳದೆ ನಾವಿಬ್ಬರೂ ಸಾಯಬಾರದು ಎಂದು ಆಡಮ್ಸ್ ಬರೆದದ್ದು 1813ರ ಜುಲೈ 15ರಂದು. ಆ ಪತ್ರದ ಕೊನೆಯಲ್ಲಿ ಉಳಿದ ಜಾಗದಲ್ಲಿ ಅಬಿಗೇಲ್ ತಾವೂ ನಾಲ್ಕು ಸಾಲು ಸೇರಿಸಿದರು: ಗಂಡನ ಪತ್ರಗಳಲ್ಲಿ ತುಸು ಜಾಗ ಸಿಗಲೆಂದು ಬಹಳ ದಿನದಿಂದ ಕಾದಿದ್ದೆ, ಹಳೆಯ ಗೆಳತಿಯ ಗೌರವವನ್ನು ಸ್ವೀಕರಿಸಿ ಎಂದು. ‘ಒಂದು ಕಾಲದಲ್ಲಿ’ ಎಂಬ ಮಾತು ಈ ಸಲ ಇರಲಿಲ್ಲ. ಮರುತಿಂಗಳೇ ಅವರ ಮಗಳು ನ್ಯಾಬಿ ಸ್ತನದ ಕ್ಯಾನ್ಸರಿನಿಂದ ತವರುಮನೆಯಲ್ಲಿ ಕಣ್ಣುಮುಚ್ಚಿದಳು. 1818ರಲ್ಲಿ ಅಬಿಗೇಲ್ ತಾವೇ ಹೋದರು. ಇಂಥ ದುಃಖಕ್ಕೆ ಕಾಲ ಮತ್ತು ಮೌನವನ್ನು ಬಿಟ್ಟು ಬೇರೆ ಮದ್ದಿಲ್ಲ ಎಂದು ಜೆಫರ್ಸನ್ ಬರೆದರು. ಹೆಂಡತಿಯನ್ನೂ ಮಕ್ಕಳನ್ನೂ ಮಣ್ಣು ಮಾಡಿ ಬಂದ ಕೈಯ ಬರಹ ಅದು.

1823ರಲ್ಲಿ ಒಂದು ಪರೀಕ್ಷೆ ಎದುರಾಯಿತು. ಮುನಿಸಿನ ಕಾಲದಲ್ಲಿ ಆಡಮ್ಸ್ ಜೆಫರ್ಸನ್ನರನ್ನು ಕಟುವಾಗಿ ಟೀಕಿಸಿ ಬೇರೊಬ್ಬರಿಗೆ ಖಾಸಗಿಯಾಗಿ ಬರೆದಿದ್ದ ಪತ್ರಗಳು, ಜಾನ್ ಕ್ವಿನ್ಸಿಯ ಚುನಾವಣೆಯನ್ನು ಕೆಡಿಸುವ ಸಲುವಾಗಿ ಅಚ್ಚಾಗಿ ಹೊರಬಂದವು. ಜೆಫರ್ಸನ್ ತಡಮಾಡದೆ ಬರೆದರು: ಅರ್ಧ ಶತಮಾನದ ಸ್ನೇಹದ ದಿಂಬಿನ ಕೆಳಗೆ ಮುಳ್ಳಿಡುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ, ನೀವೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕ್ವಿನ್ಸಿಯ ಮನೆಯಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಹುಡುಗಿಯೊಬ್ಬಳು ಅದನ್ನು ಒಡೆದು ಗಟ್ಟಿಯಾಗಿ ಓದಿದಳು. ಇದಕ್ಕಿಂತ ಒಳ್ಳೆಯ ಪತ್ರವನ್ನು ಯಾರೂ ಬರೆದಿಲ್ಲ ಎಂದು ಮೇಜಿನ ಸುತ್ತ ಇದ್ದವರೆಲ್ಲ ಉದ್ಗರಿಸಿದರು.

1825ರ ಫೆಬ್ರುವರಿ 9ರಂದು ಪ್ರತಿನಿಧಿ ಸಭೆಯಲ್ಲಿ 24 ರಾಜ್ಯಗಳ ಪೈಕಿ 13ರ ಬೆಂಬಲ ಪಡೆದು ಜಾನ್ ಕ್ವಿನ್ಸಿ ಆರನೆಯ ಅಧ್ಯಕ್ಷರಾಗಿ ಆಯ್ಕೆಯಾದರು. ಜೆಫರ್ಸನ್ನರ ಒಲವು ಬೇರೆ ಅಭ್ಯರ್ಥಿಯ ಕಡೆಗಿತ್ತು. ಆದರೂ ಒಂದೇ ವಾರದೊಳಗೆ ಅವರು ತಂದೆಗೆ ಅಭಿನಂದನೆ ಬರೆದರು.

1826ರ ಜುಲೈ 4, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ. ಮಧ್ಯಾಹ್ನದ ಹೊತ್ತಿಗೆ ಮಾಂಟಿಚೆಲೊದಲ್ಲಿ 83 ವರ್ಷದ ಜೆಫರ್ಸನ್ ತೀರಿಕೊಂಡರು. ಆ ಸುದ್ದಿ ತಿಳಿಯುವ ಮಾರ್ಗವೇ ಇಲ್ಲದ ಕ್ವಿನ್ಸಿಯಲ್ಲಿ, ಜೆಫರ್ಸನ್ ಇನ್ನೂ ಇದ್ದಾರೆ ಎಂಬ ಅರ್ಥದ ಮಾತು ಆಡಮ್ಸರ ಬಾಯಿಂದ ಬಂತೆಂದು ಮನೆಯವರು ನೆನೆದರು. ಅದೇ ಸಂಜೆ ಅವರೂ ಕೊನೆಯುಸಿರೆಳೆದರು.

ಅಧ್ಯಕ್ಷರಾಗಿದ್ದ ಮಗ ವಾಷಿಂಗ್ಟನ್ನಿನಿಂದ ಹೊರಟು ದಾರಿಯಲ್ಲಿದ್ದಾಗ ತಂದೆ ಹೋದ ಸುದ್ದಿ ತಿಳಿಯಿತು. ಅವರು ಊರು ಸೇರುವಷ್ಟರಲ್ಲಿ ಅಂತ್ಯಕ್ರಿಯೆ ಮುಗಿದಿತ್ತು. ಮನೆಯಲ್ಲಿ ಎಲ್ಲವೂ ಇದ್ದ ಹಾಗೆಯೇ ಇತ್ತು, ಏನು ಬದಲಾಗಿದೆ ಎಂಬುದು ತಂದೆಯ ಮಲಗುವ ಕೋಣೆಗೆ ಕಾಲಿಟ್ಟಾಗಲೇ ತಮಗೆ ಪೂರ್ತಿಯಾಗಿ ಅರಿವಾಯಿತು ಎಂದು ಜಾನ್ ಕ್ವಿನ್ಸಿ ಆ ಜುಲೈ ತಿಂಗಳ ದಿನಚರಿಯಲ್ಲಿ ಬರೆದಿದ್ದಾರೆ.