ಕಾದಿದ್ದಳು, ಕಾಡಿದ್ದಳು: ನನ್ನ ಪ್ರೂಫ್ ಓದುವ ದಿನಗಳು

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಒಂದು ಪುಸ್ತಕ ಕಾಣುತ್ತಿದೆ ಅಲ್ವಾ? ನಿನ್ನೆ ಸಂಜೆ ಬಂತು. ನಾನೇ ಪ್ರಕಟಿಸುತ್ತಿರುವ ನನ್ನ ಹೊಸ ಕಾದಂಬರಿಯ ಪ್ರೂಫ್ ಪ್ರತಿ, ಅಂದರೆ ಮಾರಾಟಕ್ಕೆ ಮುಂಚೆ ತಪ್ಪು ತಿದ್ದಲು ಅಚ್ಚಾಗಿ ಬರುವ ಪ್ರತಿ. 312 ಪುಟ. ಮುಖಪುಟದ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಇದೆ, ಮಾರಾಟಕ್ಕಲ್ಲ ಅಂತ. ಎರಡು ವರ್ಷ ಸ್ಕ್ರೀನ್ ಮೇಲೆ ನೋಡಿದ್ದನ್ನು ಮೊದಲ ಸಲ ಕೈಯಲ್ಲಿ ಹಿಡಿದೆ. ರಾತ್ರಿ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದೆ.

ಈಗ ಬೆಳಗಿನ ಐದೂವರೆ. ಪ್ರೂಫ್ ಬಂದಿದ್ದರೂ ದಿನ ಶುರುವಾಗುವುದು ಬರವಣಿಗೆಯಿಂದಲೇ. ಫೋನ್ ಪಕ್ಕದ ಕೋಣೆಯಲ್ಲಿದೆ. ಆಫೀಸಿಗೆ ಹೊರಡುವ ಮುಂಚೆ ನನಗೆ ಸಿಗುವುದು ಒಂದೂವರೆ ಗಂಟೆ. ಅದು ಪೂರ್ತಿ ಮುಂದಿನ ಕಾದಂಬರಿಯ ಮೊದಲ ಕರಡಿಗೆ. ಮುಖಪುಟ, ಬೆನ್ನುಡಿ, ಮಾರಾಟ, ಇವು ಯಾವುವೂ ಬೆಳಗ್ಗೆ ಈ ಕೋಣೆಗೆ ಬರುವಂತಿಲ್ಲ. ಬಂದರೆ ಆ ದಿನದ ಬರಹ ಹೋಯಿತು ಅಂತಲೇ ಲೆಕ್ಕ.

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯಲ್ಲಿ ಕೆಲಸದಲ್ಲಿದ್ದವರು. ಅವರೂ ಐದೂವರೆಗೇ ಕೂರುತ್ತಿದ್ದರು. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಎಲ್ಲರೂ ಈ ಲೆಕ್ಕವನ್ನೇ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಬರೆಯುವ ಮೊದಲು ಅವರು ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದರು. ಮುಖ್ಯವಾಗಿ ಮಾತಿನ ಸದ್ದನ್ನು ಕಿವಿಯಲ್ಲಿ ತೂಗಿ ನೋಡುವುದಕ್ಕೆ. ಇದನ್ನು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಾನು ಬರೆಯುವುದು ದಿನಕ್ಕೆ ಹೆಚ್ಚೆಂದರೆ 400 ಪದ. ಆದರೆ ಆ ಕಿವಿಯ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಅದಕ್ಕೆ ಕಾರಣ ನನ್ನ ಹಿಂದಿನ ಕಾದಂಬರಿ. ಅದರಲ್ಲಿ ಒಂದು ಸಾಲು ಹೀಗಿತ್ತು: ಜ್ವರ ಬಂದ ಮಗನನ್ನು ತಾಯಿ ರಾತ್ರಿಯಿಡೀ ಕಾದಿದ್ದಳು. ಅಚ್ಚಾದದ್ದು ಹೀಗೆ: ಜ್ವರ ಬಂದ ಮಗನನ್ನು ತಾಯಿ ರಾತ್ರಿಯಿಡೀ ಕಾಡಿದ್ದಳು. ದಕಾರದ ಜಾಗದಲ್ಲಿ ಡಕಾರ, ಅಷ್ಟೇ. ಎರಡೂ ಸರಿಯಾದ ಪದಗಳೇ, ಹಾಗಾಗಿ ಕಾಗುಣಿತ ನೋಡುವ ಸಾಫ್ಟ್‌ವೇರ್ ಸುಮ್ನೆ ಇತ್ತು. ನಾನು ಆ ಪುಟವನ್ನು ಕಡಿಮೆ ಅಂದರೂ ಹತ್ತು ಸಲ ಓದಿದ್ದೆ. ನನಗೆ ಕಾಣಲಿಲ್ಲ. ಕಾಣಿಸಿದ್ದು ಒಬ್ಬ ಓದುಗರಿಗೆ. ತುಂಬಾ ಮೆತ್ತಗೆ ಬರೆದಿದ್ದರು, ಈ ತಾಯಿ ಇದ್ದಕ್ಕಿದ್ದಂತೆ ಯಾಕೆ ಹೀಗಾದಳು ಅಂತ. ಆ ಪತ್ರ ಓದಿ ನನಗೆ ಅಳು ಬಂತು. ಇಡೀ ಪುಸ್ತಕ ಬರೆದದ್ದೇ ಆ ತಾಯಿಗೋಸ್ಕರ.

ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲಿ ಒಂದು ಅನುಕೂಲ ಇದೆ. ಆರ್ಡರ್ ಬಂದಾಗಲೇ ಪ್ರತಿ ಅಚ್ಚಾಗುವುದರಿಂದ, ತಿದ್ದಿದ ಫೈಲ್ ಒಪ್ಪಿಗೆಯಾದ ಮೇಲೆ ಹೊಸ ಪ್ರತಿಗಳು ಸರಿಯಾಗಿ ಬರುತ್ತವೆ. ಆದರೆ ಅಷ್ಟರೊಳಗೆ ಮನೆಮನೆಗೆ ಹೋದ ಪ್ರತಿಗಳಲ್ಲಿ ಆ ತಾಯಿ ಇವತ್ತಿಗೂ ಮಗನನ್ನು ಕಾಡುತ್ತಲೇ ಇದ್ದಾಳೆ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. 2007ರಿಂದ ಅದರಲ್ಲಿ 13 ಅಂಕಿ. ಅಂಕಿಗಳನ್ನು ಸಾಲಾಗಿ ಒಂದರಿಂದ, ಮೂರರಿಂದ, ಮತ್ತೆ ಒಂದರಿಂದ, ಹೀಗೆ ಗುಣಿಸಿ ಕೂಡಿದರೆ ಮೊತ್ತ ಹತ್ತರಿಂದ ಭಾಗ ಹೋಗಬೇಕು. ಹಾಗೆ ಆಗುವಂತೆ ಕೊನೆಯ ಅಂಕಿ ಇಟ್ಟಿರುತ್ತಾರೆ. ಯಾವುದೋ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡಿಬರುವುದಿಲ್ಲ. ಪುಸ್ತಕದ ಸಂಖ್ಯೆಗೆ ಇಷ್ಟು ಕಾವಲು ಇದೆ. ಒಳಗಿನ ವಾಕ್ಯಗಳಿಗೆ ಇಲ್ಲ. ದೊಡ್ಡ ಪ್ರಕಾಶನಗಳಲ್ಲಾದರೆ ಸಂಪಾದಕರು, ಕರಡು ತಿದ್ದುವವರು ಅಂತ ನಾಲ್ಕಾರು ಜೋಡಿ ಕಣ್ಣು ಇರುತ್ತವೆ. ಇಲ್ಲಿ ಇರುವುದು ನನ್ನದೊಂದೇ ಜೋಡಿ. ಅದಕ್ಕೋ ಏನು ಬರೆದಿದ್ದೇನೆ ಅಂತ ಮೊದಲೇ ಗೊತ್ತು. ಗೊತ್ತಿರುವುದನ್ನೇ ಅದು ಓದಿಕೊಂಡು ಹೋಗುತ್ತದೆ.

ಹಾಗಾಗಿ ಈಗ ಸಂಜೆಯ ಕೆಲಸ. ಕೆಂಪು ಪೆನ್ನು, ಒಂದು ಅಡ್ಡಪಟ್ಟಿ. ಓದುವ ಸಾಲಿನ ಕೆಳಗಿನದ್ದೆಲ್ಲ ಮುಚ್ಚಿ ಹೋಗುವ ಹಾಗೆ ಪಟ್ಟಿಯನ್ನು ಇಡುತ್ತೇನೆ. ಬಾಯಿಬಿಟ್ಟು ಜೋರಾಗಿ ಓದುತ್ತೇನೆ. ಬೆರಳು ಪದ ಪದಕ್ಕೂ ನಿಲ್ಲುತ್ತದೆ. ಪುಟಕ್ಕೆ ಮೂರು ನಿಮಿಷ, ಸಂಜೆಗೆ 40 ಪುಟ. ಪುಸ್ತಕ ಮುಗಿಯುವುದಕ್ಕೆ ಎಂಟು ದಿನ ಬೇಕು. ಜಾಸ್ತಿ ಆಯಿತು ಅನ್ನಿಸಬಹುದು. ನನಗೆ ಇದಕ್ಕಿಂತ ನಂಬಿಕೆಯ ದಾರಿ ಸಿಕ್ಕಿಲ್ಲ. ನಾಲಿಗೆ ಎಲ್ಲಿ ಎಡವುತ್ತದೋ ಅಲ್ಲಿ ಏನೋ ಇರುತ್ತದೆ. ಒಂದೋ ಅಕ್ಷರ ತಪ್ಪಿರುತ್ತದೆ, ಇಲ್ಲವೇ ವಾಕ್ಯವೇ ಸರಿ ಕೂತಿರುವುದಿಲ್ಲ.

ಪಕ್ಕದಲ್ಲಿ ಪಾತ್ರಗಳ ನೋಟ್‌ಬುಕ್ಕೂ ಇದೆ. ವಯಸ್ಸು, ಯಾರು ಯಾರನ್ನು ಏನಂತ ಕರೆಯುತ್ತಾರೆ, ಯಾರ ಯಾವ ಕೈಯಲ್ಲಿ ಗಾಯದ ಗುರುತು. ಮೂರನೇ ಅಧ್ಯಾಯದಲ್ಲಿ ಎಡಗೈಯಲ್ಲಿದ್ದ ಗುರುತು ಹತ್ತನೆಯದರಲ್ಲಿ ಬಲಗೈಗೆ ಹೋಗಿಬಿಟ್ಟಿರುತ್ತದೆ.

ಒಂದು ಎಚ್ಚರಿಕೆ. ತಿದ್ದುವಾಗ ಪುಟ ಹೆಚ್ಚು ಕಡಿಮೆ ಆದರೆ ಪುಸ್ತಕದ ಬೆನ್ನಿನ ದಪ್ಪವೂ ಬದಲಾಗುತ್ತದೆ. ನಾನು ಆರಿಸಿರುವ ಕ್ರೀಮ್ ಕಾಗದದಲ್ಲಿ ಪುಟಕ್ಕೆ 0.0025 ಇಂಚು ಲೆಕ್ಕ. 312 ಪುಟಕ್ಕೆ 0.78 ಇಂಚು. ಹತ್ತು ಪುಟ ಜಾಸ್ತಿಯಾದರೆ ಮುಖಪುಟದ ಫೈಲನ್ನೂ ಮತ್ತೆ ಅಳತೆಗೆ ಕೂರಿಸಬೇಕು. ಅದಕ್ಕೇ ಈಗ ಹೊಸ ಪ್ಯಾರಾ ಸೇರಿಸುವ ಆಸೆ ಬಂದರೂ ತಡೆದುಕೊಳ್ಳುತ್ತೇನೆ.

ಎಷ್ಟು ಪ್ರತಿ ಮಾರಾಟವಾಯಿತು ಅಂತ ನೋಡುವುದು ಭಾನುವಾರ ಸಂಜೆ ಒಂದೇ ಸಲ. ದಿನಾ ನೋಡುತ್ತಿದ್ದ ಕಾಲದಲ್ಲಿ ಬರವಣಿಗೆ ನಿಂತೇ ಹೋಗಿತ್ತು.

ಇವತ್ತಿಗೆ 40 ಪುಟ ಮುಗಿಯಿತು. ಹನ್ನೊಂದು ಕಡೆ ಕೆಂಪು ಗುರುತು. ಅದರಲ್ಲಿ ಒಂದು 26ನೇ ಪುಟದಲ್ಲಿ, ಇಲ್ಲಿ ನೋಡಿ. 'ಅವಳು' ಇರಬೇಕಾದ ಕಡೆ 'ಅವರು' ಆಗಿದೆ. ಮಗಳು ತಾಯಿಯ ಬಗ್ಗೆ ತನ್ನಷ್ಟಕ್ಕೆ ಯೋಚಿಸುತ್ತಿರುವ ಜಾಗ ಅದು. ಅಲ್ಲಿ ಬಹುವಚನ ಬಂದರೆ ತಾಯಿ ದೂರ ಹೋಗಿಬಿಡುತ್ತಾಳೆ. ಜೋರಾಗಿ ಓದಿದ್ದಕ್ಕೇ ಇದು ಸಿಕ್ಕಿದ್ದು.

ಗಂಟಲು ಒಣಗಿದೆ, ಇವತ್ತಿಗೆ ಸಾಕು. ನಾಳೆ 41ನೇ ಪುಟದಿಂದ ಓದುತ್ತೇನೆ.