ಮುಂದೆ ಯಾವ ಪುಸ್ತಕ ಓದಲಿ?

ಕೇಳುಗರಿಗೆಲ್ಲ ನಮಸ್ಕಾರ.

ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ಪುಸ್ತಕ ಪಡೆಯುವ ಕೆಲಸದಲ್ಲಿಯೇ ನನ್ನ ನೌಕರಿಯ ಬಹುಭಾಗ ಕಳೆದಿದೆ. ಅಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿದ ಮಾತೆಂದರೆ, ‘ಒಂದು ಒಳ್ಳೆಯ ಪುಸ್ತಕ ಇದ್ದರೆ ಕೊಡಿ’ ಎಂಬುದು. ಹಾಗೆ ಕೇಳಿದವರಿಗೆ ನಾನು ಕಪಾಟಿನತ್ತ ಕೈ ತೋರಿಸುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ. ನೀವು ಕೊನೆಯ ಬಾರಿ ಮನಸ್ಸಿಟ್ಟು ಓದಿ ಮುಗಿಸಿದ ಪುಸ್ತಕ ಯಾವುದು, ಅದರಲ್ಲಿ ನಿಮ್ಮನ್ನು ಹಿಡಿದು ಕೂರಿಸಿದ್ದು ಏನು? ಈ ಹೊತ್ತು ನಾನು ನಿಮಗೆ ಹೇಳಲು ಬಂದಿರುವುದು ಇದೊಂದೇ ವಿಷಯ. ನಿಮ್ಮ ಮುಂದಿನ ಪುಸ್ತಕದ ಸುಳಿವು ನೀವು ಹಿಂದೆ ಮೆಚ್ಚಿ ಓದಿದ ಪುಸ್ತಕದಲ್ಲಿಯೇ ಇರುತ್ತದೆ.

ಓದಲೇಬೇಕಾದ ನೂರು ಪುಸ್ತಕಗಳು ಎಂಬಂಥ ಪಟ್ಟಿಗಳನ್ನು ಅನೇಕರು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ದಯವಿಟ್ಟು ಅವುಗಳನ್ನು ಸ್ವಲ್ಪ ಕಾಲ ಬದಿಗಿಡಿ. ಆ ಪಟ್ಟಿಯನ್ನು ಮಾಡಿದವರಿಗೆ ನೀವು ಯಾರು, ನಿಮ್ಮ ಊರು ಯಾವುದು, ನಿಮ್ಮ ಮನಸ್ಸು ಈಗ ಎಲ್ಲಿದೆ ಎಂಬುದು ತಿಳಿದಿರುವುದಿಲ್ಲ. ಪಟ್ಟಿಯ ಮೊದಲ ಹೆಸರನ್ನು ಹಿಡಿದು, ಐವತ್ತು ಪುಟಕ್ಕೆ ಸೋತು, ತಮಗೆ ಓದುವ ಯೋಗ್ಯತೆಯೇ ಇಲ್ಲವೆಂದುಕೊಂಡು ಗ್ರಂಥಾಲಯದ ಕಡೆಗೆ ಮತ್ತೆ ತಲೆ ಹಾಕದ ಜಾಣರನ್ನು ನಾನು ನೋಡಿದ್ದೇನೆ. ಅದು ನನಗೆ ಇಂದಿಗೂ ಸಂಕಟದ ಸಂಗತಿ.

ನಮ್ಮ ಗ್ರಂಥಾಲಯಕ್ಕೆ ಒಬ್ಬ ಲೈನ್‌ಮನ್ ಬರುತ್ತಿದ್ದರು. ದಿನಪತ್ರಿಕೆ ಓದಲು ಬರುತ್ತಿದ್ದವರು ಒಮ್ಮೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಮನೆಗೆ ಒಯ್ದರು. 1980ರಲ್ಲಿ ಪ್ರಕಟವಾದ, ಹಾರುವ ಓತಿಯೊಂದನ್ನು ಹುಡುಕಿಕೊಂಡು ಮಲೆನಾಡಿನ ಕಾಡಿಗೆ ನುಗ್ಗುವವರ ಆ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಓದಿ ಮುಗಿಸಿ ಬಂದವರು, ‘ಸಾರ್, ಇಂಥದ್ದೇ ಇನ್ನೊಂದು ಕೊಡಿ’ ಎಂದರು. ಅವರ ಸ್ನೇಹಿತರೊಬ್ಬರು ಭೈರಪ್ಪನವರ ‘ಪರ್ವ’ವನ್ನು ಓದುವಂತೆ ಒತ್ತಾಯಿಸುತ್ತಿದ್ದರಂತೆ. ಮಹಾಭಾರತದ ಪಾತ್ರಗಳನ್ನು ಪವಾಡಗಳಿಂದ ಬಿಡಿಸಿ ಮನುಷ್ಯರನ್ನಾಗಿ ಕಾಣಿಸುವ ‘ಪರ್ವ’ ದೊಡ್ಡ ಕೃತಿಯೇ ಹೌದು. ಆದರೆ ‘ಕರ್ವಾಲೊ’ ಮುಗಿಸಿ ಬಂದವರು ಅದೇ ವಾರ ಕೈಗೆತ್ತಿಕೊಳ್ಳಬೇಕಾದದ್ದು ಅದೇ ಏಕೆ ಎಂಬ ಪ್ರಶ್ನೆಗೆ ಆ ಸ್ನೇಹಿತರ ಬಳಿ ಉತ್ತರವಿದ್ದಂತೆ ಕಾಣಲಿಲ್ಲ.

ಆ ಪುಸ್ತಕದಲ್ಲಿ ನಿಮಗೆ ಹಿಡಿಸಿದ್ದು ಏನು ಎಂದು ನಾನು ಅವರನ್ನು ಕೇಳಿದೆ. ಓತಿ ಎಂದರು. ಸ್ವಲ್ಪ ತಡೆದು, ಕಾಡು ಎಂದರು. ನಾನು ಸುಮ್ಮನೆ ಕಾಯುತ್ತಿದ್ದೆ. ಮೊದಲು ಬರುವ ಉತ್ತರ ಸಾಮಾನ್ಯವಾಗಿ ನಿಜವಾದ ಉತ್ತರವಾಗಿರುವುದಿಲ್ಲ. ಆಮೇಲೆ ಅವರು ಹೇಳಿದರು: ‘ಮಂದಣ್ಣನಂಥವನು ಹೇಳುವ ಮಾತನ್ನ ಅಷ್ಟು ಓದಿದ ವಿಜ್ಞಾನಿ ಕೂತು ಕೇಳ್ತಾರಲ್ಲ ಸಾರ್, ಅದು.’ ಯಾವ ಮರದ ಕೊಂಬೆ ಯಾವ ಮಳೆಗೆ ತಂತಿಯ ಮೇಲೆ ಬೀಳುತ್ತದೆಂದು ತಿಳಿದಿದ್ದರೂ, ಆ ಮಾತನ್ನು ಮೇಲಿನವರು ಒಮ್ಮೆಯೂ ಕೇಳದಿದ್ದುದನ್ನು ವರ್ಷಗಟ್ಟಲೆ ಅನುಭವಿಸಿದ ಮನುಷ್ಯನಿಗೆ ಜೇನು ಹಿಡಿಯುವ ಮಂದಣ್ಣ ಏಕೆ ಹಿಡಿಸಿದನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ದಾರಿ ಸುಲಭವಾಯಿತು. ಪುಸ್ತಕದಿಂದಲ್ಲದೆ ನೆಲದಿಂದ, ಕೆಲಸದಿಂದ ಕಲಿತ ಇನ್ನೊಬ್ಬ ಮನುಷ್ಯನನ್ನು ಅವರಿಗೆ ತೋರಿಸಬೇಕಿತ್ತು. ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ಕೊಟ್ಟೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗನೊಬ್ಬನಿಗೆ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿ ಆಶ್ರಯ ಕೊಡುತ್ತಾರೆ. ಕಥೆ ಎಂದರೆ ಇಷ್ಟೇ ಎನ್ನಬಹುದು. ಆದರೆ ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದ, ಆನೆ ಬಂದು ತುಳಿದರೂ ಮತ್ತೆ ಸಸಿ ನೆಡುವ ಆ ಗೋಪಾಲಯ್ಯನವರ ಜೊತೆ ಕೆಲವು ದಿನ ಇದ್ದು ಬಂದ ಓದುಗನಿಗೆ ಅವರನ್ನು ಮರೆಯುವುದು ಸಾಧ್ಯವಿಲ್ಲ. 1943ರಲ್ಲಿ ಬಂದ ಆ ಪುಸ್ತಕದಲ್ಲಿ ಹಳತಾದದ್ದು ಏನೂ ನನಗೆ ಕಾಣುವುದಿಲ್ಲ.

ನಮ್ಮ ಲೈನ್‌ಮನ್ ಅದನ್ನು ಹಿಂದಿರುಗಿಸಲು ಬಂದಾಗ ಗೋಪಾಲಯ್ಯನವರ ವಿಷಯವನ್ನು ಬಿಟ್ಟು ಬೇರೆ ಮಾತು ತೆಗೆದರು. ಗೋಪಾಲಯ್ಯ ದಂಪತಿಯ ಮಗ ಶಂಭು ಮನೆ ಬಿಟ್ಟು ಹೋಗಿರುತ್ತಾನೆ. ತಾಯಿ ಅವನ ದಾರಿ ಕಾಯುತ್ತಿರುತ್ತಾಳೆ. ಇವರ ಮಗನೂ ಬೆಂಗಳೂರು ಸೇರಿದ್ದ, ಫೋನು ಅಪರೂಪವಾಗಿತ್ತು. ಹಾಗೆ ಅವರ ಮನಸ್ಸು ಹಿಡಿದ ಎಳೆಯೇ ಬದಲಾಗಿತ್ತು, ನಾನು ಆ ಹೊಸ ಎಳೆಯನ್ನೇ ಅನುಸರಿಸಿ ಕಾರಂತರದೇ ‘ಮರಳಿ ಮಣ್ಣಿಗೆ’ಯನ್ನು ಕೊಟ್ಟೆ. ಕರಾವಳಿಯ ಒಂದೇ ಮನೆತನದ ಮೂರು ತಲೆಮಾರುಗಳು, ಆ ಮನೆಯನ್ನು ದುಡಿದು ನಿಲ್ಲಿಸುವ ಪಾರೋತಿ, ಸರಸೋತಿ, ನಾಗವೇಣಿಯರಂಥ ಹೆಂಗಸರು, ಪಟ್ಟಣಗಳನ್ನೆಲ್ಲ ಸುತ್ತಿ ಕೊನೆಗೆ ಊರಿಗೆ ಮರಳುವ ಮೊಮ್ಮಗ, ಇವರೆಲ್ಲರ ನಡುವೆ ಅವರು ತಿಂಗಳುಗಟ್ಟಲೆ ಇದ್ದರು. ಅವಧಿ ಮುಗಿದಾಗ ಬಂದು ಮತ್ತೆ ಬರೆಸಿಕೊಂಡು ಹೋದರು.

ಅದಾದ ಮೇಲೆಯೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಆ ಬೃಹತ್ ಕಾದಂಬರಿಯಲ್ಲಿ ಇವರೇ ನಾಯಕರು ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಜೀತದ ಆಳು ನಾಯಿಗುತ್ತಿಗೂ ಅವನ ನಾಯಿ ಹುಲಿಯನಿಗೂ ಅಲ್ಲಿ ಗೌಡರ ಮನೆಗಳವರಿಗೆ ಸಿಗುವಷ್ಟೇ ಗಮನ ಸಿಗುತ್ತದೆ. ಮಂದಣ್ಣನಿಗಾಗಿ ಓದಲು ತೊಡಗಿದ ಮನುಷ್ಯ ಗುತ್ತಿಯನ್ನು ಕಂಡು ಹಿಗ್ಗದೆ ಇರುತ್ತಾರೆಯೇ? ಅದೇ ಪುಸ್ತಕವನ್ನು ಮೊದಲ ದಿನವೇ ಕೊಟ್ಟಿದ್ದರೆ ಅದರ ಗಾತ್ರ, ಲೆಕ್ಕವಿಲ್ಲದಷ್ಟು ಪಾತ್ರಗಳು, ಮಲೆನಾಡಿನ ಆಡುನುಡಿ ಎಲ್ಲವೂ ಸೇರಿ ಅವರನ್ನು ಹೆದರಿಸಿ ಕಳುಹಿಸುತ್ತಿದ್ದವು. ಪುಸ್ತಕ ಒಳ್ಳೆಯದಾಗಿದ್ದರೆ ಸಾಲದು, ಅದು ಸರಿಯಾದ ಸರದಿಯಲ್ಲಿ ಕೈಗೆ ಬರಬೇಕು.

ಈ ಮಾತಿಗೇ ಹೆಚ್ಚು ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಅದೇ ‘ಕರ್ವಾಲೊ’ದಲ್ಲಿ ನಿಮ್ಮನ್ನು ಹಿಡಿದದ್ದು ಗಿಡ, ಪ್ರಾಣಿ, ಕೀಟಗಳ ಕುತೂಹಲವೇ ಆಗಿದ್ದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮ ಘಟ್ಟದಲ್ಲಿ ಅಲೆದಾಡಿದ ಕಥೆ ಅದು. ಪಾಠವೂ ಇದೆ, ನಗೆಯೂ ಇದೆ, ಅವರೇ ಬರೆದ ಚಿತ್ರಗಳೂ ಇವೆ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ತ್ರಿವೇಣಿಯವರ ಕಾದಂಬರಿಗಳನ್ನು ಮೆಚ್ಚಿ, ಹೆಣ್ಣಿನ ಮನಸ್ಸಿನೊಳಗಿನ ಮಾತು ಇನ್ನಷ್ಟು ಬೇಕು ಎನ್ನುವ ತಾಯಂದಿರು ಕುಂದಾಪುರದ ಕಡೆಯ ವೈದೇಹಿಯವರ ಕತೆಗಳನ್ನು ಹಿಡಿಯಲಿ. ಅಲ್ಲಿಂದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಗೆ, ಅಲ್ಲಿಂದ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಹೋಗಲಿ. ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಸುದ್ದಿಯನ್ನು ಕೇಳಿ ಎಷ್ಟೋ ಜನ ಕನ್ನಡಿಗರು ಇಂಗ್ಲಿಷ್ ಪುಸ್ತಕವನ್ನು ವಿಚಾರಿಸಿದರು. ಮೂಲ ಕತೆಗಳು ನಮ್ಮ ನುಡಿಯಲ್ಲಿಯೇ ಇವೆ, ದಯವಿಟ್ಟು ಅವನ್ನು ಓದಿ.

ಆಡುಮಾತಿನ ಸೊಗಸಿಗೆ ಮನಸೋತವರಿಗೆ ದೇವನೂರ ಮಹಾದೇವರ ‘ಒಡಲಾಳ’ ಇದೆ; ಕಳೆದುಹೋದ ತನ್ನ ಕೋಳಿಯನ್ನು ಹುಡುಕುವ ಸಾಕವ್ವನ ಮಾತನ್ನು ಗಟ್ಟಿಯಾಗಿ ಓದಿಕೊಳ್ಳಿ. ಸಮಯವಿಲ್ಲ ಎನ್ನುವವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದೆ. ಹಣ ಬಂದ ಮೇಲೆ ಬೆಂಗಳೂರಿನ ಒಂದು ಕುಟುಂಬ ಹೇಗಾಗುತ್ತದೆ ಎಂಬುದನ್ನು ಹೇಳುವ ಆ ಸಣ್ಣ ಪುಸ್ತಕ ಬಿಡುವಿಲ್ಲದವರಿಗೂ ಭಾರವಾಗದು.

ಶಾಲೆ ಬಿಟ್ಟ ಮೇಲೆ ಪುಸ್ತಕವನ್ನೇ ಮುಟ್ಟಿಲ್ಲ, ಹಿಂದೆ ಮೆಚ್ಚಿದ್ದು ಎಲ್ಲಿಂದ ತರಲಿ ಎಂದು ಕೆಲವರು ಕೇಳಬಹುದು. ಅವರಿಗೂ ನನ್ನ ಪ್ರಶ್ನೆ ಅದೇ. ಕನ್ನಡ ಪಠ್ಯಪುಸ್ತಕದಲ್ಲಿ ಪರೀಕ್ಷೆಯ ಹಂಗಿಲ್ಲದೆ ಎರಡನೆಯ ಸಲ ಓದಿಕೊಂಡ ಒಂದು ಗದ್ಯಪಾಠವಾದರೂ ನೆನಪಿನಲ್ಲಿ ಇದ್ದೇ ಇರುತ್ತದೆ. ಅಂಥ ಪಾಠಗಳಲ್ಲಿ ಬಹಳಷ್ಟು ಯಾವುದಾದರೊಂದು ಇಡೀ ಪುಸ್ತಕದಿಂದ ಆಯ್ದ ಭಾಗಗಳಾಗಿರುತ್ತವೆ, ಆ ಪುಸ್ತಕದ ಹೆಸರನ್ನು ಲೇಖಕರ ಪರಿಚಯದ ಜೊತೆಗೆ ಅಚ್ಚು ಮಾಡಿರುತ್ತಾರೆ. ಮನೆಯ ಮಕ್ಕಳ ಅಥವಾ ನೆರೆಮನೆಯವರ ಹಳೆಯ ಪಠ್ಯದಲ್ಲಿ ಅದನ್ನು ಹುಡುಕಿ ಒಂದು ಚೀಟಿಯಲ್ಲಿ ಬರೆದುಕೊಂಡು, ನಿಮ್ಮ ಊರಿನ ಗ್ರಂಥಾಲಯಕ್ಕೆ ಈ ವಾರವೇ ಹೋಗಿ ಕೇಳಿ. ನಮಸ್ಕಾರ.