ಕಂಪನಿ ಎರಡಾದರೆ ಸಾಲದು, ದಾರಿ ಎರಡಾಗಬೇಕು

ನಮಸ್ಕಾರ. ಕಳೆದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: 'ನಮ್ಮ ಸಹಕಾರಿ ಸೊಸೈಟಿಯ ಪ್ರತಿ ಶಾಖೆಗೂ ಎರಡೆರಡು ಕಂಪನಿಯ ಫೈಬರ್ ಇದೆ. ನೆಟ್ ಹೋಗುವ ಮಾತೇ ಇಲ್ಲ.' ಓದಿ ತಲೆ ಬಿಸಿಯಾಯಿತು. ಇವತ್ತು ಇದೊಂದೇ ವಿಷಯ.

ಸರ್, ಕಂಪನಿ ಎರಡು, ಸರಿ. ದಾರಿ ಎಷ್ಟು? ಶಾಖೆಯ ಹೊರಗೆ ಬಂದು ತಲೆ ಎತ್ತಿ ನೋಡಿ. ಎರಡೂ ಕೇಬಲ್ ಒಂದೇ ಕಂಬದ ಮೇಲೆ ಬಂದು, ಒಂದೇ ತೂತಿನಿಂದ ಒಳಗೆ ಹೋಗಿರುತ್ತವೆ. ರಸ್ತೆ ಅಗಲೀಕರಣಕ್ಕೆ ಬಂದ ಜೆಸಿಬಿ ಇದು ಯಾರ ಕೇಬಲ್ ಅಂತ ಕೇಳುತ್ತಾ? ಒಂದೇ ಏಟಿಗೆ ಎರಡೂ ಹೋಗುತ್ತವೆ. ಕೌಂಟರ್ ಮುಂದೆ ಪಿಂಚಣಿ ದುಡ್ಡಿಗೆ ಬಂದ ಅಜ್ಜಿ ನಿಂತೇ ಇರುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೆ.

ಒಂದು ಫೈಬರ್ ಇರಲಿ. ಎರಡನೆಯದು ಸಿಮ್ ಹಾಕುವ 4ಜಿ ರೂಟರ್ ಆಗಲಿ. ಒಂದು ನಿಂತ ಕೂಡಲೇ ಇನ್ನೊಂದು ತಾನಾಗೇ ಎತ್ತಿಕೊಳ್ಳುವ ಹಾಗೆ ಸೆಟ್ ಮಾಡಿಸಿ. ರೂಟರ್‌ಗೂ ಯುಪಿಎಸ್ ಕೊಡಿ. ಎಷ್ಟೋ ಕಡೆ ಕಂಪ್ಯೂಟರ್‌ಗೆ ಮಾತ್ರ ಕೊಟ್ಟಿರುತ್ತಾರೆ. ಕರೆಂಟ್ ಹೋದ ತಕ್ಷಣ ನೆಟ್ಟೂ ಹೋಗುತ್ತದೆ.

'ನೆಟ್ ಕಂಪನಿಯವರು 99 ಪರ್ಸೆಂಟ್ ಅಪ್‌ಟೈಮ್, ಅಂದರೆ ಅಷ್ಟು ಹೊತ್ತು ನೆಟ್ ಇದ್ದೇ ಇರುತ್ತದೆ ಅಂತ ಬರೆದುಕೊಟ್ಟಿದ್ದಾರಲ್ಲ' ಅಂತೀರಾ? ಲೆಕ್ಕ ಹಾಕಿ. ವರ್ಷಕ್ಕೆ ಮೂರೂವರೆ ದಿನ ಬಂದ್ ಆದರೂ ಆ ಮಾತು ಉಳಿಯುತ್ತದೆ! 99.9 ಅಂದರೂ ಎಂಟೂ ಮುಕ್ಕಾಲು ಗಂಟೆ. ಆ ಕಾಗದ ನಂಬಿಕೊಂಡು ಕೂರಬೇಡಿ.

ಡೇಟಾದ್ದೂ ಇದೇ ಕಥೆ. ಹೆಡ್ ಆಫೀಸಿನಲ್ಲಿ ಸರ್ವರ್, ಅದರ ಪಕ್ಕದ ಬೀರುವಿನಲ್ಲೇ ಬ್ಯಾಕಪ್ ಡಿಸ್ಕ್. ಬೆಂಕಿ ಬಿದ್ದರೆ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್, ಅಂದರೆ ಸರ್ವರ್‌ಗಳನ್ನು ಇಡುವ ಕಟ್ಟಡವೊಂದು ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರು ಎಲ್ಲ ಕಳೆದುಕೊಂಡರು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿನ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಟ್ಟಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಡೇಟಾ ಹೋಯಿತು. ಹೊರಗೆಲ್ಲೂ ಅದರ ಪ್ರತಿ ಇರಲಿಲ್ಲ. ಒಂದು ದೇಶದ ಸರ್ಕಾರಕ್ಕೇ ಹೀಗಾಗಿದೆ, ನಮ್ಮ ಬೀರು ಯಾವ ಲೆಕ್ಕ?

'ನಮ್ಮದು ಕ್ಲೌಡ್‌ನಲ್ಲಿದೆ' ಅನ್ನುವವರೂ ಇದ್ದಾರೆ. ಕ್ಲೌಡ್ ಏನು ಆಕಾಶದಲ್ಲಿದೆಯಾ? ಅದೂ ಯಾವುದೋ ಊರಿನ ಕಟ್ಟಡವೇ. ಮುಂಬೈಯಲ್ಲಿ ಒಂದು ಪ್ರತಿ ಇದ್ದರೆ ಹೈದರಾಬಾದಿನಲ್ಲಿ ಇನ್ನೊಂದು ಇಡಿಸಿ. ಜಾಗ ಬೇರೆ ಬೇಕು!

ಅಂದ ಹಾಗೆ, ಸಬ್‌ಸ್ಕ್ರೈಬ್ ಆಗಿಲ್ಲ ಅಂದರೆ ಈಗಲೇ ಆಗಿ. ಮುಂದಿನ ವಾರ ರೂಟರ್ ಸೆಟ್ಟಿಂಗ್ ತೋರಿಸುತ್ತೇನೆ. ನಿಮ್ಮ ಸೊಸೈಟಿಯ ಮ್ಯಾನೇಜರಿಗೂ ಕಳಿಸಿ.

'ಖರ್ಚು ಜಾಸ್ತಿ' ಅನ್ನಬೇಡಿ. ಆಡಳಿತ ಮಂಡಳಿಯ ಸಭೆಗೆ ಶಾಲು, ಹಾರ ತರಲು ದುಡ್ಡಿದೆ, ಒಂದು ಸಿಮ್‌ಗೆ ಇಲ್ಲವಾ? ದಾರಿ ಬೇರೆ ಬೇಕು ಅಂದರೆ ಬೇಕು, ಅಷ್ಟೇ! ಶನಿವಾರ ವ್ಯವಹಾರ ಮುಗಿದ ಮೇಲೆ ರೂಟರ್‌ನಿಂದ ಫೈಬರ್ ವೈರ್ ಬಿಚ್ಚಿ ನೋಡಿ. ಪಾಸ್‌ಬುಕ್ ಎಂಟ್ರಿ ಆಗುತ್ತಾ? ಏನಾಯಿತು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಎಲ್ಲವನ್ನೂ ಓದುತ್ತೇನೆ.